ಟ್ರೇಡ್‌ಮಾರ್ಕ್ ಕಾನೂನಿಗೆ ಒಂದು ದಿನ: ಚಿಕ್ಕಮಗಳೂರಿನಲ್ಲಿ ಪ್ರಾಧ್ಯಾಪಕರು ಮತ್ತು ವಿದ್ಯಾರ್ಥಿಗಳ ವಿಚಾರ ಸಂಕಿರಣ ನಡೆಸುವ ಸಮಗ್ರ ಮಾರ್ಗದರ್ಶಿ

ನಮ್ಮ ಕಾನೂನು ಕಾಲೇಜುಗಳ ಒಂದು ದಿನದ ವಿಚಾರ ಸಂಕಿರಣಗಳಲ್ಲಿ ಹೆಚ್ಚಿನವು ಒಂದೇ ಜಾಡಿನಲ್ಲಿ ಸಾಗುತ್ತವೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಹಾರ-ಶಾಲು, ಅಧ್ಯಕ್ಷೀಯ ಭಾಷಣ ಮುಗಿಯುವ ಹೊತ್ತಿಗೆ ಊಟದ ಸಮಯವಾಗಿರುತ್ತದೆ. ಮಧ್ಯಾಹ್ನ ವಿದ್ಯಾರ್ಥಿಗಳು ಒಬ್ಬರ ಹಿಂದೊಬ್ಬರು ಐದೈದು ನಿಮಿಷ ಪ್ರಬಂಧ ಓದಿ, ಪ್ರಮಾಣಪತ್ರ ಪಡೆದು ಬಸ್ ಹಿಡಿಯುತ್ತಾರೆ. ಪ್ರಬಂಧ ಬರೆದವರಿಗೆ ಅದರಲ್ಲಿ ಎಲ್ಲಿ ತರ್ಕ ಸಡಿಲವಾಗಿದೆ, ಯಾವ ತೀರ್ಪು ಬಿಟ್ಟುಹೋಗಿದೆ ಎಂದು ಹೇಳುವವರೇ ಇರುವುದಿಲ್ಲ. ಈ ಮಾರ್ಗದರ್ಶಿಯ ಆಗ್ರಹ ಒಂದೇ: ದಿನದ ಅತಿ ದೊಡ್ಡ ಪಾಲು, ಎಲ್ಲರೂ ಮೊದಲೇ ಓದಿಕೊಂಡು ಬಂದಿರುವ ಕೆಲವೇ ಪ್ರಬಂಧಗಳ ಚರ್ಚೆಗೆ ಸಲ್ಲಬೇಕು, ಮತ್ತು ಆ ಚರ್ಚೆಯಲ್ಲಿ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಪರಸ್ಪರರ ಬರಹವನ್ನು ಪರೀಕ್ಷಿಸುವ ಸಮಾನ ಓದುಗರಾಗಿರಬೇಕು. ಮುಂದೆ ಹೇಳುವ ಹಂತಗಳೆಲ್ಲವೂ ಈ ಒಂದು ಮಾತನ್ನು ಕಾರ್ಯಗತಗೊಳಿಸುವ ಬಗೆಗಳು.

ಇಂಥ ದಿನವನ್ನು ಬೆಂಗಳೂರಿನಲ್ಲಿಯೇ ಮಾಡಬೇಕೆಂದಿಲ್ಲ. 1878ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಟ್ರೇಡ್‌ಮಾರ್ಕ್ ಅಸೋಸಿಯೇಷನ್ ತನ್ನ ವಾರ್ಷಿಕ ಸಭೆಯ ಭಾಗವಾಗಿ ಪ್ರಾಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತ ಬಂದಿದೆ. ಸಾವಿರಾರು ವಕೀಲರು ಸೇರುವ ಆ ಸಭೆಯ ಆಡಂಬರ ನಮಗೆ ಬೇಕಿಲ್ಲ, ಅದರೊಳಗಿನ ಆ ಸಣ್ಣ ಕಲ್ಪನೆ ಸಾಕು. ಟ್ರೇಡ್‌ಮಾರ್ಕ್ ಕಾನೂನಿನ ಪ್ರಶ್ನೆಗಳು ಐ.ಜಿ. ರಸ್ತೆಯ ಕಾಫಿಪುಡಿ ಅಂಗಡಿಯ ಬೋರ್ಡಿನ ಮೇಲೂ, ಹಾಲಿನ ಪ್ಯಾಕೆಟ್ಟಿನ ಮೇಲೂ, ಹೋಂಸ್ಟೇಗಳ ನಾಮಫಲಕದ ಮೇಲೂ ಬರೆದುಕೊಂಡೇ ಇವೆ.

ಮೊದಲ ಹಂತ: ವಿಷಯವನ್ನು ಕಿರಿದುಗೊಳಿಸುವುದು

‘ಬೌದ್ಧಿಕ ಆಸ್ತಿ ಹಕ್ಕುಗಳು: ಸವಾಲು ಮತ್ತು ಅವಕಾಶಗಳು’ ಎಂಬಂಥ ತಲೆಬರಹವನ್ನು ಮೊದಲೇ ಬಿಟ್ಟುಬಿಡಬೇಕು. ಅದರಡಿ ಪೇಟೆಂಟೂ ಬರುತ್ತದೆ, ಕೃತಿಸ್ವಾಮ್ಯವೂ ಬರುತ್ತದೆ, ಬಂದ ಪ್ರಬಂಧಗಳು ಒಂದಕ್ಕೊಂದು ಮಾತನಾಡುವುದೇ ಇಲ್ಲ. ಟ್ರೇಡ್‌ಮಾರ್ಕ್ ಕಾಯ್ದೆ, 1999 ಒಂದೇ ಸಾಕು. ಅದರೊಳಗೂ ನಮ್ಮ ಸೀಮೆಗೆ ನೇರವಾಗಿ ತಾಗುವ ಮೂರು ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡರೆ ಚರ್ಚೆ ತಾನಾಗಿ ಆಳಕ್ಕಿಳಿಯುತ್ತದೆ.

ಮೊದಲನೆಯದು ಊರಿನ ಹೆಸರಿನ ಪ್ರಶ್ನೆ. ಸರಕಿನ ಬಗೆಯನ್ನೋ, ಗುಣವನ್ನೋ, ಅದು ಹುಟ್ಟಿದ ಸ್ಥಳವನ್ನೋ ಮಾತ್ರ ಸೂಚಿಸುವ ಪದವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು 9ನೇ ಕಲಂ ಬಿಡುವುದಿಲ್ಲ. ಅರ್ಜಿ ಹಾಕುವ ಮುನ್ನವೇ ಬಳಕೆಯಿಂದ ಆ ಪದಕ್ಕೆ ತನ್ನದೇ ವಿಶಿಷ್ಟತೆ ಬಂದಿದ್ದರೆ ಮಾತ್ರ ವಿನಾಯಿತಿ. ಇದರ ಮಗ್ಗುಲಲ್ಲೇ ಭೌಗೋಳಿಕ ಸೂಚಕಗಳ (ಜಿಐ) ಕಾಯ್ದೆ ನಿಂತಿದೆ. ಎರಡೂ ಕಾಯ್ದೆಗಳು 1999ರಲ್ಲಿ ಅಂಗೀಕಾರವಾಗಿ, 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದವು. 2019ರಲ್ಲಿ ಭಾರತದ ಐದು ಕಾಫಿಗಳಿಗೆ ಜಿಐ ಮಾನ್ಯತೆ ಸಿಕ್ಕಾಗ ಅವುಗಳಲ್ಲಿ ಎರಡು, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ, ಈ ಜಿಲ್ಲೆಯವೇ ಆಗಿದ್ದವು. ಟ್ರೇಡ್‌ಮಾರ್ಕ್ ಒಬ್ಬ ವ್ಯಾಪಾರಿಯ ಸ್ವತ್ತು, ಅದನ್ನು ಮಾರಬಹುದು. ಜಿಐ ಒಂದು ಪ್ರದೇಶದ ಬೆಳೆಗಾರರೆಲ್ಲರ ಹಕ್ಕು, ಅದನ್ನು ಯಾರೂ ಪರಭಾರೆ ಮಾಡುವಂತಿಲ್ಲ. ಜಿಐ ಕಾಯ್ದೆಯ 25ನೇ ಕಲಂ ಭೌಗೋಳಿಕ ಸೂಚಕವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವುದನ್ನು ತಡೆಯುತ್ತದೆ. 26ನೇ ಕಲಂ ಮೊದಲಿನಿಂದ ಪ್ರಾಮಾಣಿಕವಾಗಿ ಬಳಕೆಯಲ್ಲಿದ್ದ ಗುರುತುಗಳನ್ನು ಕಾಪಾಡುತ್ತದೆ. ಹಾಗಾದರೆ ತನ್ನ ಲೇಬಲ್ ಮೇಲೆ ದಶಕಗಳಿಂದ ಗಿರಿಯ ಹೆಸರನ್ನು ಹಾಕಿಕೊಂಡು ಬಂದ, ಆದರೆ ಹೊರಗಿನ ಬೀಜವನ್ನೂ ಬೆರೆಸಿ ಪುಡಿ ಮಾಡುವ ಅಂಗಡಿಯವರ ಸ್ಥಿತಿಯೇನು? ಇದೊಂದೇ ಪ್ರಶ್ನೆಯ ಮೇಲೆ ಮೂರು ಒಳ್ಳೆಯ ಪ್ರಬಂಧಗಳು ಹುಟ್ಟಬಲ್ಲವು.

ಎರಡನೆಯದು ನಾಮಫಲಕದ ಪ್ರಶ್ನೆ. ಇದನ್ನು ಇನ್ನೂ ಹೆಚ್ಚು ಮಂದಿ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಆಸೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಾಜ್ಯದ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಇಂಗ್ಲಿಷ್ ಲಿಪಿಯಲ್ಲಿ ಮಾತ್ರ ನೋಂದಣಿಯಾದ ಗುರುತನ್ನು ಅಂಗಡಿಯವರು ಕನ್ನಡ ಲಿಪಿಯಲ್ಲಿ ಬರೆಸಿದರೆ ಅದು ನೋಂದಾಯಿತ ಗುರುತಿನ ಬಳಕೆಯೇ? ನೋಂದಣಿಯಾದ ಬಳಿಕ ಐದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಗುರುತನ್ನು ನೋಂದಣಿ ಪಟ್ಟಿಯಿಂದ ತೆಗೆಸಲು ಟ್ರೇಡ್‌ಮಾರ್ಕ್ ಕಾಯ್ದೆಯ 47ನೇ ಕಲಂ ಅವಕಾಶ ಕೊಡುತ್ತದೆ. ಗುರುತಿನ ಅಸ್ಮಿತೆಗೆ ಗಣನೀಯ ಧಕ್ಕೆ ತಾರದ ಬದಲಾವಣೆಯೊಂದಿಗೆ ಬಳಸಿದರೂ ಅದನ್ನು ಬಳಕೆಯೆಂದೇ ಒಪ್ಪಬಹುದು ಎಂದು 55ನೇ ಕಲಂ ಹೇಳುತ್ತದೆ. ಲಿಪಿ ಬದಲಾದರೆ ಅಸ್ಮಿತೆ ಬದಲಾಗುತ್ತದೆಯೇ ಎಂಬುದನ್ನು ಎರಡು ಲಿಪಿಗಳನ್ನೂ ದಿನವೂ ಓದುವ ನಾವೇ ಚರ್ಚಿಸಬೇಕು.

ಮೂರನೆಯದು ನ್ಯಾಯವ್ಯಾಪ್ತಿಯದು. ಟ್ರೇಡ್‌ಮಾರ್ಕ್ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ಹೂಡುವಂತಿಲ್ಲ. ಆದರೆ 134ನೇ ಕಲಂ ವಾದಿಗೆ ತಾನು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದಲ್ಲಿಯೇ ದಾವೆ ಹೂಡುವ ಅನುಕೂಲ ಕೊಟ್ಟಿದೆ. ದೂರದ ಮಹಾನಗರದ ಕಂಪನಿಯೊಂದು ಮೂಡಿಗೆರೆಯ ಸಣ್ಣ ಬೇಕರಿಯವರಿಗೆ ನೋಟಿಸು ಕಳಿಸಿದಾಗ ಈ ಅನುಕೂಲದ ಭಾರ ಯಾರ ಮೇಲೆ ಬೀಳುತ್ತದೆ, ಸಂಜಯ್ ದಾಲಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಅದಕ್ಕೆ ಹಾಕಿದ ಮಿತಿ ಎಷ್ಟರಮಟ್ಟಿಗೆ ನೆರವಾಗುತ್ತದೆ, ಆಧಾರವಿಲ್ಲದ ಬೆದರಿಕೆ ನೋಟಿಸಿನ ವಿರುದ್ಧ 142ನೇ ಕಲಂ ಕೊಡುವ ಪರಿಹಾರ ಎಷ್ಟು ಉಪಯುಕ್ತ ಎಂಬುದನ್ನು ಸ್ಥಳೀಯ ವಕೀಲರ ಅನುಭವದ ಜೊತೆಗೆ ಚರ್ಚಿಸಬಹುದು.

ಎರಡನೇ ಹಂತ: ದಿನಾಂಕ ಮತ್ತು ಜಾಗ

ದಿನಾಂಕ ಗೊತ್ತುಮಾಡುವ ಮೊದಲು ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿಯನ್ನು ನೋಡಬೇಕು. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳೆಲ್ಲಕ್ಕೂ ಪರೀಕ್ಷೆ ಒಟ್ಟಿಗೇ ಬರುವುದರಿಂದ, ನಮ್ಮ ವಿದ್ಯಾರ್ಥಿಗಳಿಗೆ ಅನನುಕೂಲವಾದ ವಾರ ಹಾಸನ, ಶಿವಮೊಗ್ಗ, ಮೈಸೂರಿನ ವಿದ್ಯಾರ್ಥಿಗಳಿಗೂ ಅನನುಕೂಲವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ಮಳೆಯನ್ನು ತಪ್ಪಿಸುವುದು ಒಳ್ಳೆಯದು. ಡಿಸೆಂಬರ್ ಮತ್ತು ಜನವರಿ ಅರೇಬಿಕಾ ಕೊಯ್ಲಿನ ಕಾಲ. ಜಿಐ ಗೋಷ್ಠಿಗೆ ಬೆಳೆಗಾರರೊಬ್ಬರು ಬರಬೇಕೆಂದಿದ್ದರೆ ಆಗ ಕರೆಯುವುದು ಅವರಿಗೆ ಕಷ್ಟ ಕೊಟ್ಟಂತೆ. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಊರಿನ ರಸ್ತೆಗಳೂ ವಸತಿಗೃಹಗಳೂ ತುಂಬಿರುತ್ತವೆ. ಕಾರ್ಯಕ್ರಮವನ್ನು ಹಾಸನದಲ್ಲಿ ಮಾಡುವವರು ಆಶ್ವಯುಜ ಮಾಸದಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳನ್ನು ಬಿಡಬೇಕು, ಆಗ ಊರಿನಲ್ಲಿ ಕೋಣೆ ಸಿಗುವುದೇ ದುರ್ಲಭ. ಇವೆಲ್ಲವನ್ನೂ ತೂಗಿದರೆ ಫೆಬ್ರುವರಿ ಅಥವಾ ಮಾರ್ಚ್ ಅನುಕೂಲವೆಂದು ತೋರುತ್ತದೆ.

ವಾರದ ಯಾವ ದಿನ ಎಂಬುದರಲ್ಲಿ ಒಂದು ಇಕ್ಕಟ್ಟಿದೆ. ಎರಡನೇ ಶನಿವಾರ ನ್ಯಾಯಾಲಯಗಳಿಗೆ ರಜೆ, ಆದ್ದರಿಂದ ವಕೀಲರು ಬಿಡುವಾಗಿರುತ್ತಾರೆ; ಆದರೆ ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗಳಿಂದ ಶನಿವಾರ ಕೋಣೆಗಳ ಬಾಡಿಗೆ ಏರಿರುತ್ತದೆ. ಸ್ಥಳೀಯ ವಕೀಲರ ಭಾಗವಹಿಸುವಿಕೆ ಈ ದಿನಕ್ಕೆ ಅಷ್ಟು ಮುಖ್ಯವಾದದ್ದರಿಂದ ನಾನು ಎರಡನೇ ಶನಿವಾರವನ್ನೇ ಆರಿಸುತ್ತೇನೆ, ಕೋಣೆಗಳನ್ನು ಮೂರು ತಿಂಗಳು ಮುಂಚೆ ಕಾಯ್ದಿರಿಸುತ್ತೇನೆ. ರೈಲಿನಲ್ಲಿ ಬರುವ ಅತಿಥಿಗಳಿಗೆ ಕಡೂರು ಅಥವಾ ಹಾಸನದಲ್ಲಿ ಇಳಿಯಲು ತಿಳಿಸಿ. ಕಡೂರಿನಿಂದ ಸುಮಾರು 40, ಹಾಸನದಿಂದ ಬೇಲೂರಿನ ಮೇಲೆ ಸುಮಾರು 60 ಕಿಲೋಮೀಟರ್ ರಸ್ತೆ ಪ್ರಯಾಣ.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುವೆಂಪು ಕಲಾಮಂದಿರದಂಥ ದೊಡ್ಡ ಸಭಾಂಗಣ ಈ ದಿನಕ್ಕೆ ಬೇಡ. ಕುರ್ಚಿಗಳನ್ನು ಸುತ್ತಲೂ ಹಾಕಬಹುದಾದ ಎರಡು ತರಗತಿ ಕೋಣೆಗಳು, ಎಲ್ಲರೂ ಒಟ್ಟಿಗೆ ಕೂರುವ ಒಂದು ಹಾಲ್, ಊಟಕ್ಕೆ ಜಾಗ, ಇವಿಷ್ಟು ಕಾಲೇಜಿನಲ್ಲೇ ಇರುತ್ತವೆ. ವೇದಿಕೆ ಇಲ್ಲದಿರುವುದು ಇಲ್ಲಿ ಅನುಕೂಲವೇ.

ಮೂರನೇ ಹಂತ: ಪ್ರಬಂಧಗಳ ಆಹ್ವಾನ

ಹದಿನಾರು ವಾರ ಮುಂಚೆ ಆಹ್ವಾನ ಹೊರಡಬೇಕು. ಪೂರ್ಣಗೊಂಡ ಪ್ರಬಂಧವನ್ನಲ್ಲ, ಇನ್ನೂ ತಿದ್ದಲು ಎಡೆಯಿರುವ ಕರಡನ್ನು ಕೇಳುತ್ತಿದ್ದೇವೆ ಎಂಬುದನ್ನು ಮೊದಲ ಸಾಲಿನಲ್ಲಿಯೇ ಹೇಳಬೇಕು. ಮಾದರಿಗೆ ಹೀಗೆ ಬರೆಯಬಹುದು:

‘ಟ್ರೇಡ್‌ಮಾರ್ಕ್ ಕಾನೂನಿನ ಕುರಿತು ನೀವು ಬರೆಯುತ್ತಿರುವ, ಆದರೆ ಇನ್ನೂ ಎಲ್ಲಿಯೂ ಪ್ರಕಟವಾಗದ ಕರಡು ಪ್ರಬಂಧವನ್ನು ಚರ್ಚೆಗೆ ಆಹ್ವಾನಿಸುತ್ತೇವೆ. ಮೊದಲು 400 ಪದಗಳ ಸಾರಾಂಶವನ್ನು ಕಳಿಸಿ. ಅದರಲ್ಲಿ ನಿಮ್ಮ ಪ್ರಶ್ನೆ ಯಾವುದು, ಅದಕ್ಕೆ ನಿಮ್ಮ ಈಗಿನ ಉತ್ತರವೇನು, ಯಾವ ಭಾಗದಲ್ಲಿ ನಿಮಗೆ ಇನ್ನೂ ಸಂದೇಹವಿದೆ ಎಂಬ ಮೂರನ್ನು ಸ್ಪಷ್ಟವಾಗಿ ತಿಳಿಸಿ. ಆಯ್ಕೆಯಾದವರು ಕಾರ್ಯಕ್ರಮಕ್ಕೆ ನಾಲ್ಕು ವಾರ ಮುಂಚೆ 5,000 ಪದ ಮೀರದ ಕರಡನ್ನು ಕಳಿಸತಕ್ಕದ್ದು. ಕನ್ನಡ ಅಥವಾ ಇಂಗ್ಲಿಷ್, ಯಾವ ಭಾಷೆಯಲ್ಲಿಯೂ ಬರೆಯಬಹುದು. ಆಯ್ಕೆಯಾದ ಪ್ರತಿಯೊಬ್ಬರೂ ಇನ್ನೊಬ್ಬರ ಪ್ರಬಂಧವೊಂದನ್ನು ಓದಿ ಅಭಿಪ್ರಾಯ ಮಂಡಿಸಲು ಒಪ್ಪಿರುತ್ತಾರೆ.’

ಕೊನೆಯ ವಾಕ್ಯವೇ ಇಡೀ ದಿನದ ಆಧಾರ, ಅದನ್ನು ಯಾವ ಕಾರಣಕ್ಕೂ ಕೈಬಿಡಬಾರದು. ‘ನಿಮಗೆ ಎಲ್ಲಿ ಸಂದೇಹವಿದೆ’ ಎಂಬ ಪ್ರಶ್ನೆಗೂ ಕಾರಣವಿದೆ: ಎಲ್ಲೆಲ್ಲಿಂದಲೋ ಎತ್ತಿ ಜೋಡಿಸಿದ ಬರಹಕ್ಕೆ ಸಂದೇಹವೇ ಇರುವುದಿಲ್ಲ, ಆದ್ದರಿಂದ ಆ ಒಂದು ಉತ್ತರವನ್ನು ಓದಿಯೇ ಆಯ್ಕೆ ಸಮಿತಿ ಬಹುಪಾಲು ನಿರ್ಧಾರ ಮಾಡಬಹುದು. ಎಂಟು ಪ್ರಬಂಧಗಳಿಗಿಂತ ಹೆಚ್ಚು ಬೇಡ. ನಾಲ್ಕು ಅಧ್ಯಾಪಕರದು, ನಾಲ್ಕು ವಿದ್ಯಾರ್ಥಿಗಳದು. ಒಟ್ಟು ಹಾಜರಿ ನಲವತ್ತರೊಳಗೆ ಇರಲಿ. ಹೆಸರು ತೆಗೆದ ಸಾರಾಂಶಗಳನ್ನು ಮೂವರು ಓದಬೇಕು, ಅವರಲ್ಲಿ ಒಬ್ಬರಾದರೂ ಹೊರ ಕಾಲೇಜಿನವರಾಗಿರಬೇಕು.

ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗಳಿಗೆ ಪರಿಭಾಷೆಯ ಚಿಂತೆ ಕಾಡುತ್ತದೆ. ‘ಪಾಸಿಂಗ್ ಆಫ್’ ಎಂಬುದನ್ನು ಹಾಗೆಯೇ ಬಳಸಿ, ಮೊದಲ ಬಾರಿ ಬಂದಾಗ ಒಬ್ಬರ ಸರಕನ್ನು ಇನ್ನೊಬ್ಬರದೆಂದು ದಾಟಿಸಿ ಮಾರುವುದು ಎಂದು ಬಿಡಿಸಿ ಹೇಳಿದರೆ ಸಾಕೆಂದು ಅವರಿಗೆ ತಿಳಿಸಬೇಕು. ನ್ಯಾಯಾಲಯದಲ್ಲಿ ನಿತ್ಯ ಕೇಳಿಬರುವ ತಡೆಯಾಜ್ಞೆ, ಕಲಂ, ಮೇಲ್ಮನವಿ, ಆಕ್ಷೇಪಣೆ ಎಂಬ ಪದಗಳಿದ್ದೇ ಇವೆ. ನಿಘಂಟಿನಿಂದ ಹೊಸ ಸಂಸ್ಕೃತ ಪದ ಹುಡುಕಿ ತರುವ ಅಗತ್ಯವಿಲ್ಲ.

ನಾಲ್ಕನೇ ಹಂತ: ಓದುಗರನ್ನು ಜೋಡಿಸುವುದು

ಪ್ರತಿ ಪ್ರಬಂಧಕ್ಕೂ ಒಬ್ಬ ಮುಖ್ಯ ಓದುಗರು ಇರುತ್ತಾರೆ. ಗೋಷ್ಠಿಯಲ್ಲಿ ಪ್ರಬಂಧವನ್ನು ಪರಿಚಯಿಸುವವರು ಬರೆದವರಲ್ಲ, ಈ ಮುಖ್ಯ ಓದುಗರು. ವಿದ್ಯಾರ್ಥಿಯ ಪ್ರಬಂಧಕ್ಕೆ ಪ್ರಾಧ್ಯಾಪಕರು, ಪ್ರಾಧ್ಯಾಪಕರ ಪ್ರಬಂಧಕ್ಕೆ ವಿದ್ಯಾರ್ಥಿ ಎಂಬ ಕ್ರಮವನ್ನು ಬಿಗಿಯಾಗಿ ಪಾಲಿಸಬೇಕು. ಇದಕ್ಕೆ ಆರಂಭದಲ್ಲಿ ಹಿಂಜರಿಕೆ ಬರುವುದು ಸಹಜ. ‘ಸರ್ ಬರೆದದ್ದರಲ್ಲಿ ನಾನು ತಪ್ಪು ಹೇಳುವುದು ಹೇಗೆ’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಗ ಅವರಿಗೆ ತಪ್ಪು ಹುಡುಕುವ ಕೆಲಸವನ್ನಲ್ಲ, ಮೂರು ನಿರ್ದಿಷ್ಟ ಕೆಲಸಗಳನ್ನು ಕೊಡಬೇಕು. ಪ್ರಬಂಧದ ವಾದವನ್ನು ತಮ್ಮದೇ ಮಾತುಗಳಲ್ಲಿ ಎರಡು ನಿಮಿಷ ಹೇಳುವುದು, ವಾದವನ್ನು ಒಪ್ಪಲು ಕಷ್ಟವಾದ ಒಂದು ಪುಟವನ್ನು ತೋರಿಸಿ ಕಾರಣ ಕೊಡುವುದು, ಪ್ರಬಂಧದಲ್ಲಿ ಬಾರದ ಆದರೆ ಬರಬೇಕಾಗಿದ್ದ ಒಂದು ತೀರ್ಪನ್ನು ಹೆಸರಿಸುವುದು. ಇಷ್ಟನ್ನು ಗೌರವದಿಂದಲೇ ಮಾಡಬಹುದು, ಮತ್ತು ತಮ್ಮ ಬರಹವನ್ನು ಒಬ್ಬ ವಿದ್ಯಾರ್ಥಿ ಇಷ್ಟು ಗಮನವಿಟ್ಟು ಓದಿದ್ದಾಳೆ ಎಂದು ಕಂಡ ಅಧ್ಯಾಪಕರಿಗೆ ಆಗುವ ಸಂತೋಷಕ್ಕೆ ಯಾವ ಶಾಲೂ ಸಮವಲ್ಲ.

ಬಾಕಿ ವಿಚಾರಣೆಯಲ್ಲಿರುವ ಪ್ರಕರಣದ ಕುರಿತ ಪ್ರಬಂಧಕ್ಕೆ ಅದೇ ಪ್ರಕರಣದ ಯಾವುದೇ ಪಕ್ಷದ ವಕೀಲರನ್ನು ಓದುಗರನ್ನಾಗಿ ಮಾಡಬಾರದು.

ಐದನೇ ಹಂತ: ಎಲ್ಲರೂ ಓದಬೇಕಾದ ತೀರ್ಪುಗಳು

ಕರಡುಗಳ ಜೊತೆಗೆ ನಾಲ್ಕು ತೀರ್ಪುಗಳ ಒಂದು ಸಣ್ಣ ಸಂಪುಟವನ್ನು ನಾಲ್ಕು ವಾರ ಮುಂಚೆ ಎಲ್ಲರಿಗೂ ಕಳಿಸಿ. ನ್ಯಾಯಾಲಯದ ತೀರ್ಪಿನ ಪಠ್ಯವನ್ನು, ನ್ಯಾಯಾಲಯವೇ ನಿಷೇಧಿಸದ ಹೊರತು, ಪ್ರತಿ ಮಾಡಲು ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಟ್ಟಿದೆ. ಆದರೆ ಕಾನೂನು ವರದಿಗಳ ಪ್ರಕಾಶಕರು ಸೇರಿಸುವ ಶಿರೋಟಿಪ್ಪಣಿಗಳು ಅವರವು, ಅವನ್ನು ಬಿಟ್ಟು ನ್ಯಾಯಾಲಯದ ಜಾಲತಾಣದಿಂದ ಮೂಲ ತೀರ್ಪನ್ನೇ ತೆಗೆದುಕೊಳ್ಳಬೇಕು. ಬೌದ್ಧಿಕ ಆಸ್ತಿಯ ಸಂಕಿರಣದಲ್ಲಿ ಈ ಎಚ್ಚರ ಮೊದಲು ನಮ್ಮಲ್ಲಿರಬೇಕು.

ಮೊದಲ ತೀರ್ಪು ಪಾರ್ಲೆ ಪ್ರಾಡಕ್ಟ್ಸ್ ವಿರುದ್ಧ ಜೆ.ಪಿ. ಅಂಡ್ ಕಂಪನಿ, ಮೈಸೂರು. 1972ರ ಸುಪ್ರೀಂ ಕೋರ್ಟ್ ತೀರ್ಪು. ಪಾರ್ಲೆಯ ಬಿಸ್ಕತ್ತಿನ ಹೊದಿಕೆಯ ಮೇಲೆ ಮನೆ, ಮರಗಳ ಹಿನ್ನೆಲೆಯಲ್ಲಿ ನೀರಿನ ಕೊಡ ಹಿಡಿದ ಹುಡುಗಿ, ಸುತ್ತ ಹಸು ಮತ್ತು ಕೋಳಿಗಳು; ಮೈಸೂರಿನ ಕಂಪನಿಯ ಹೊದಿಕೆಯ ಮೇಲೆ ತಲೆಯಲ್ಲಿ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು ಮತ್ತು ಬುತ್ತಿಗಂಟು ಹಿಡಿದ ಹುಡುಗಿ, ಸುತ್ತ ಅವೇ ಹಸು, ಕೋಳಿ, ಮನೆ, ಮರ. ಕೆಳಗಿನ ನ್ಯಾಯಾಲಯಗಳು ವ್ಯತ್ಯಾಸಗಳನ್ನು ಎಣಿಸಿ ಪಾರ್ಲೆಯ ವಿರುದ್ಧ ತೀರ್ಪಿತ್ತಿದ್ದವು. ಸುಪ್ರೀಂ ಕೋರ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವ ಆ ವಿಧಾನವನ್ನೇ ಒಪ್ಪದೆ, ವಿಶಾಲ ಹಾಗೂ ಮುಖ್ಯ ಲಕ್ಷಣಗಳು ಗ್ರಾಹಕನ ಮನಸ್ಸಿನಲ್ಲಿ ಉಳಿಸುವ ಒಟ್ಟು ಚಿತ್ರವನ್ನು ನೋಡಬೇಕೆಂದು ಹೇಳಿತು.

ಎರಡನೆಯದು 2018ರ ನಂದಿನಿ ಡಿಲಕ್ಸ್ ಪ್ರಕರಣ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರನ್ನು ಬಳಸುತ್ತಿತ್ತು. ಬೆಂಗಳೂರಿನ ಹೋಟೆಲಿನವರು 1989ರಿಂದ ‘ನಂದಿನಿ ಡಿಲಕ್ಸ್’ ಎಂದು ಬಳಸಿ, 29 ಮತ್ತು 30ನೇ ವರ್ಗಗಳ (ನೋಂದಣಿಗಾಗಿ ಸರಕು-ಸೇವೆಗಳನ್ನು ವಿಂಗಡಿಸಿದ ಗುಂಪುಗಳ) ಕೆಲವು ಸರಕುಗಳಿಗೆ ನೋಂದಣಿ ಕೋರಿದ್ದರು. ಒಬ್ಬರ ಗುರುತಿನಲ್ಲಿ ಹಸು, ಇನ್ನೊಬ್ಬರದರಲ್ಲಿ ದೀಪ. ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯಾದ ರಿಜಿಸ್ಟ್ರಿಯಲ್ಲಿ ಗೆದ್ದ ಹೋಟೆಲಿನವರು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯಲ್ಲಿಯೂ ಹೈಕೋರ್ಟಿನಲ್ಲಿಯೂ ಸೋತು, ಸುಪ್ರೀಂ ಕೋರ್ಟಿನಲ್ಲಿ ಗೆದ್ದರು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟುಕೊಡುವ ಷರತ್ತಿನ ಮೇಲೆ. ನಂದಿನಿ ಎಂಬುದು ಪುರಾಣದ ಹಸುವಿನ, ದೇವತೆಯ ಹೆಸರು, ಯಾರೊಬ್ಬರೂ ಸೃಷ್ಟಿಸಿದ ಪದವಲ್ಲ ಎಂಬುದಕ್ಕೆ ನ್ಯಾಯಾಲಯ ತೂಕ ಕೊಟ್ಟಿತು. ಹಾಸನ, ಚಿಕ್ಕಮಗಳೂರಿನ ಪ್ರತಿ ಮನೆಯಲ್ಲಿ ಬೆಳಿಗ್ಗೆ ಕೈಗೆ ಬರುವ ಪ್ಯಾಕೆಟ್ಟಿನ ಹಿಂದೆ ಇಷ್ಟು ವಾದವಿದೆ ಎಂದು ತಿಳಿದಾಗ ಪ್ರಥಮ ವರ್ಷದ ವಿದ್ಯಾರ್ಥಿಗೂ ವಿಷಯ ಹತ್ತಿರವಾಗುತ್ತದೆ.

ಉಳಿದ ಎರಡಕ್ಕೆ, ಅಮೃತಧಾರಾ ಪ್ರಕರಣ (1962) ಮತ್ತು ಇರುಟ್ಟುಕಡೈ ಹಲ್ವಾ ಪ್ರಕರಣ (2015) ಸಾಕು. ‘ಅಮೃತಧಾರಾ’, ‘ಲಕ್ಷ್ಮಣಧಾರಾ’ ಎಂಬ ಔಷಧದ ಹೆಸರುಗಳು ಕೇಳುವ ಕಿವಿಗೆ ಒಂದೇ ರೀತಿ ಎನಿಸುತ್ತವೆಂದು ಹೇಳಿದ ನ್ಯಾಯಾಲಯ, ಮೊದಲನೆಯವರ ಬಹುಕಾಲದ ಸುಮ್ಮನಿರುವಿಕೆಯ ಕಾರಣ ಎರಡನೆಯದಕ್ಕೆ ಉತ್ತರ ಪ್ರದೇಶಕ್ಕೆ ಸೀಮಿತವಾದ ನೋಂದಣಿ ಕೊಟ್ಟಿತು. ತಿರುನೆಲ್ವೇಲಿಯ ಹಲ್ವಾ ಅಂಗಡಿಯ ಪ್ರಕರಣ, ನೋಂದಣಿಗಿಂತ ಮೊದಲಿನಿಂದ ಬಳಸುತ್ತ ಬಂದವರ ಹಕ್ಕು ಮೇಲು ಎಂಬ ತತ್ವವನ್ನು ದೃಢಪಡಿಸಿತು.

ಆರನೇ ಹಂತ: ಹಣ, ಅನುಮತಿ, ಊಟ

ಪ್ರಾಂಶುಪಾಲರ ಅನುಮತಿ, ಮುಂಗಡ, ಹೊರ ಕಾಲೇಜಿನವರಿಗೆ ಬೇಕಾಗುವ ಓಓಡಿ (ಅನ್ಯ ಕರ್ತವ್ಯದ) ಪತ್ರ ಇವುಗಳ ಕಾಗದಪತ್ರವನ್ನು ಎಂಟು ವಾರ ಮುಂಚೆ ಶುರುಮಾಡಬೇಕು. ಖರ್ಚಿನಲ್ಲಿ ಹಾರ, ಶಾಲು, ನೆನಪಿನ ಕಾಣಿಕೆ, ಬ್ಯಾಗು, ಬಣ್ಣದ ಬ್ಯಾನರುಗಳನ್ನು ಕೈಬಿಟ್ಟು, ಉಳಿದ ಹಣವನ್ನು ಹೊರ ಊರಿನ ವಿದ್ಯಾರ್ಥಿಗಳ ಬಸ್ ಚಾರ್ಜಿಗೂ ವಸತಿಗೂ ಹಾಕಿ. ವಿದ್ಯಾರ್ಥಿಗಳಿಂದ ನೋಂದಣಿ ಶುಲ್ಕ ಬೇಡ. ಪ್ರಾಯೋಜಕರು ಬೇಕೇಬೇಕೆಂದಾದರೆ, ಚರ್ಚೆಗೆ ಬರುವ ಯಾವುದೇ ಗುರುತಿನ ಮಾಲೀಕರಿಂದ ಹಣ ಪಡೆಯಬಾರದು, ಮತ್ತು ಪಡೆದ ಹಣದ ಮೂಲವನ್ನು ಕಾರ್ಯಕ್ರಮ ಪಟ್ಟಿಯಲ್ಲಿ ಮುದ್ರಿಸಬೇಕು. ಊಟ ಸರಳವಾಗಿರಲಿ, ಆದರೆ ಕಾಫಿ ಮಾತ್ರ ಒಳ್ಳೆಯದಿರಲಿ. ಚಿಕ್ಕಮಗಳೂರಿಗೆ ಬಂದವರಿಗೆ ಫ್ಲಾಸ್ಕಿನಲ್ಲಿ ಆರಿದ ಕಾಫಿ ಕೊಡುವುದು ತರವಲ್ಲ.

ಏಳನೇ ಹಂತ: ಆ ದಿನ

ಬೆಳಿಗ್ಗೆ 9:30ಕ್ಕೆ ಆರಂಭ. ಪ್ರಾಂಶುಪಾಲರ ಸ್ವಾಗತ ಮತ್ತು ದಿನದ ಕ್ರಮದ ವಿವರಣೆ ಸೇರಿ 20 ನಿಮಿಷ. ಮುಖ್ಯ ಅತಿಥಿಗಳಾಗಿ ಬರುವವರನ್ನು ಭಾಷಣಕ್ಕೆ ಕರೆಯದೆ, ಗೋಷ್ಠಿಯೊಂದರ ಅಧ್ಯಕ್ಷತೆಗೆ ಕರೆದರೆ ಅವರಿಗೂ ಗೌರವ, ಸಮಯವೂ ಉಳಿಯುತ್ತದೆ. ಹತ್ತು ಗಂಟೆಯಿಂದ ಎರಡು ಕೋಣೆಗಳಲ್ಲಿ ಸಮಾನಾಂತರವಾಗಿ ತಲಾ ನಾಲ್ಕು ಪ್ರಬಂಧಗಳು, ಒಂದೊಂದಕ್ಕೆ 40 ನಿಮಿಷ, ನಡುವೆ 20 ನಿಮಿಷ ಬಿಡುವು. ಈ 40 ನಿಮಿಷದಲ್ಲಿ ಮುಖ್ಯ ಓದುಗರಿಗೆ 8, ಬರೆದವರ ಉತ್ತರಕ್ಕೆ 4, ಉಳಿದದ್ದೆಲ್ಲ ಸಭೆಗೆ. ಅಧ್ಯಕ್ಷರು ಮೊದಲ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದಲೇ ತೆಗೆದುಕೊಳ್ಳಬೇಕು. ಹಿರಿಯರು ಮೊದಲು ಮಾತನಾಡಿದರೆ ಕಿರಿಯರು ಬಾಯಿ ತೆರೆಯುವುದಿಲ್ಲ. ಪ್ರತಿ ಗೋಷ್ಠಿಯಲ್ಲಿಯೂ ಇಬ್ಬರು ವಿದ್ಯಾರ್ಥಿಗಳು ಟಿಪ್ಪಣಿ ಬರೆದುಕೊಂಡು ಅದೇ ಸಂಜೆ ಪ್ರಬಂಧಕಾರರಿಗೆ ಕೊಡಬೇಕು.

ಮಧ್ಯಾಹ್ನದ ಊಟ 1 ಗಂಟೆಗೆ. ಊಟವಾದ ಮೇಲಿನ ಮೊದಲ ಗಂಟೆಗೆ ಓದುವ ಗೋಷ್ಠಿ ಇಟ್ಟರೆ ಯಾರಿಗೂ ಗಮನ ನಿಲ್ಲುವುದಿಲ್ಲ; ಆ ಹೊತ್ತಿಗೆ ಕೈಯಿಂದ ಮಾಡುವ ಒಂದು ಪ್ರಯೋಗ ಸೂಕ್ತ. ಇದಕ್ಕೆ ವಿದ್ಯಾರ್ಥಿಗಳು ಮೊದಲೇ ಎರಡು ಕಲ್ಪಿತ ಕಾಫಿಪುಡಿ ಪೊಟ್ಟಣಗಳನ್ನು ಬರೆದು ಸಿದ್ಧಪಡಿಸಿರಬೇಕು. ಮಾರುಕಟ್ಟೆಯ ನಿಜವಾದ ಪೊಟ್ಟಣಗಳು ಬೇಡ, ಯಾರ ವ್ಯಾಪಾರಕ್ಕೂ ಅನಗತ್ಯ ಮಾತು ಬರಬಾರದು. ಮೊದಲನೆಯ ಪೊಟ್ಟಣದ ಮೇಲೆ ಕೆಂಪು ಹಿನ್ನೆಲೆ, ಮಂಜು ಕವಿದ ಬೆಟ್ಟ, ಬುಟ್ಟಿ ಹೊತ್ತು ಕಾಫಿ ಹಣ್ಣು ಬಿಡಿಸುವ ಹೆಂಗಸು. ಎರಡನೆಯದರ ಮೇಲೆ ಕಂದುಗೆಂಪು ಹಿನ್ನೆಲೆ, ಅದೇ ಬಗೆಯ ಬೆಟ್ಟ, ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡು ನಿಂತ ಹೆಂಗಸು, ಹೆಸರಿನಲ್ಲಿ ಒಂದೆರಡು ಅಕ್ಷರಗಳ ವ್ಯತ್ಯಾಸ. ಮೊದಲ ಪೊಟ್ಟಣವನ್ನು ಬೆಳಿಗ್ಗೆ ಕಾಫಿ ಮೇಜಿನ ಮೇಲೆ ಏನನ್ನೂ ಹೇಳದೆ ಇಟ್ಟು, ಹತ್ತು ಗಂಟೆಗೆ ತೆಗೆದುಬಿಡಿ. ಮಧ್ಯಾಹ್ನ ಎರಡನೆಯದನ್ನು ಎತ್ತಿ ಹಿಡಿದು, ಬೆಳಿಗ್ಗೆ ನೋಡಿದ್ದು ಇದೇ ಪೊಟ್ಟಣವೇ ಎಂದು ಕೇಳಿ, ಉತ್ತರವನ್ನೂ ಅದಕ್ಕೆ ಕಾರಣವನ್ನೂ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಚೀಟಿಗಳನ್ನು ಓದಿದ ಮೇಲೆಯೇ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ಸಾಧಾರಣ ಬುದ್ಧಿಯ, ಅಪೂರ್ಣ ನೆನಪಿನ ಗ್ರಾಹಕ ಎಂದು ಅಮೃತಧಾರಾ ತೀರ್ಪು ಹೇಳುವ ವ್ಯಕ್ತಿ ಯಾರು ಎಂಬುದು ಆ ಚೀಟಿಗಳಲ್ಲಿ ಕಾಣಸಿಗುತ್ತದೆ. ಆಮೇಲೆ ಪಾರ್ಲೆ ತೀರ್ಪಿನಲ್ಲಿ ಅಕ್ಕಪಕ್ಕ ಇಟ್ಟು ನೋಡುವ ವಿಧಾನವನ್ನು ಒಪ್ಪದ ಭಾಗವನ್ನು ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಲಿ, ಚರ್ಚೆ ನಡೆಯಲಿ. ಕನ್ನಡ ಅಕ್ಷರ ಮಾತ್ರ ಓದಬಲ್ಲವರು, ಓದಲು ಬಾರದೆ ಚಿತ್ರ ನೋಡಿಯೇ ಕೊಳ್ಳುವವರು ಇಬ್ಬರ ದೃಷ್ಟಿಯಿಂದಲೂ ಉತ್ತರ ಬದಲಾಗುತ್ತದೆಯೇ ಎಂದು ಅಧ್ಯಕ್ಷರು ಕೇಳಬೇಕು; ಔಷಧಗಳ ಹೆಸರಿನ ಕುರಿತ ಕ್ಯಾಡಿಲಾ ತೀರ್ಪಿನಲ್ಲಿ (2001) ಸುಪ್ರೀಂ ಕೋರ್ಟ್ ಭಾಷೆ ಮತ್ತು ಹಳ್ಳಿ-ಪಟ್ಟಣಗಳ ಅಂತರವನ್ನು ಗಣನೆಗೆ ತೆಗೆದುಕೊಂಡದ್ದನ್ನು ಇಲ್ಲಿ ನೆನಪಿಸಬಹುದು.

ಇದರ ನಂತರ ಒಂದು ಗಂಟೆ ಕಲ್ಪಿತ ಸಮಸ್ಯೆಯೊಂದಕ್ಕೆ. ತಂದೆಯ ಹೆಸರಿನಲ್ಲಿ ನಡೆಯುತ್ತಿದ್ದ ಕಾಫಿ ವರ್ಕ್ಸ್ ಅನ್ನು ಇಬ್ಬರು ಮಕ್ಕಳು ಬೇರೆ ಬೇರೆ ನಡೆಸುತ್ತಿದ್ದಾರೆ. ಅಣ್ಣ ತಂದೆಯ ಹೆಸರನ್ನು 30ನೇ ವರ್ಗದಲ್ಲಿ ಕಾಫಿಗೆ ನೋಂದಾಯಿಸಿಕೊಂಡಿದ್ದಾನೆ, ತಮ್ಮ ಅದೇ ಹೆಸರಿನಲ್ಲಿ 43ನೇ ವರ್ಗಕ್ಕೆ ಸೇರುವ ಕೆಫೆ ತೆರೆದಿದ್ದಾನೆ, ಅಣ್ಣನಿಂದ ನೋಟಿಸು ಬಂದಿದೆ. ನಾಲ್ಕು ಮಂದಿಯ ಗುಂಪುಗಳಲ್ಲಿ, ಪ್ರತಿ ಗುಂಪಿನಲ್ಲಿ ಒಬ್ಬ ಅಧ್ಯಾಪಕರೋ ವಕೀಲರೋ ಇರುವಂತೆ, ತಮ್ಮನ ಪರ ಸಲಹಾ ಟಿಪ್ಪಣಿ ಬರೆಯಬೇಕು. ಟ್ರೇಡ್‌ಮಾರ್ಕ್ ಕಾಯ್ದೆಯ 12 (ಪ್ರಾಮಾಣಿಕ ಸಹಬಳಕೆ), 34 (ಮೊದಲಿನಿಂದ ಬಳಸಿದವರ ಹಕ್ಕು), 35 (ಸ್ವಂತ ಹೆಸರಿನ ಬಳಕೆ) ಮತ್ತು 57ನೇ (ನೋಂದಣಿಯ ರದ್ದತಿ, ತಿದ್ದುಪಡಿ) ಕಲಂಗಳಲ್ಲಿ ಯಾವುದು ಮೊದಲು ಬರಬೇಕು ಎಂಬುದರಲ್ಲಿಯೇ ಅಭಿಪ್ರಾಯಭೇದ ಏಳುತ್ತದೆ. ದಾವೆಗೆ ಮುನ್ನ ಮಧ್ಯಸ್ಥಿಕೆ ಬೇಕೇ ಎಂಬ ಪ್ರಶ್ನೆಯನ್ನೂ ವಕೀಲರು ಎತ್ತಲಿ. ಇದರ ಬಗ್ಗೆ ಹೇಳುವ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಂ ಮತ್ತು 2023ರ ಯಾಮಿನಿ ಮನೋಹರ್ ತೀರ್ಪು ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲಿ ಇನ್ನೂ ಬಂದಿರದೆ ಇರಬಹುದು.

ಕೊನೆಯ 45 ನಿಮಿಷ ಊರಿನವರಿಗೆ. ಅಂಗಡಿ, ಹೋಂಸ್ಟೇ, ಸ್ವಸಹಾಯ ಸಂಘಗಳವರನ್ನು ಮೊದಲೇ ಕರೆದಿದ್ದು, ತಮ್ಮ ಹೆಸರನ್ನು ಬೇರೆಯವರು ನೋಂದಾಯಿಸಿದ್ದಾರೆಯೇ ಎಂದು ರಿಜಿಸ್ಟ್ರಿಯ ಉಚಿತ ಸಾರ್ವಜನಿಕ ಹುಡುಕಾಟದಲ್ಲಿ ನೋಡುವ ಬಗೆಯನ್ನು ವಿದ್ಯಾರ್ಥಿಗಳು ತೋರಿಸಿಕೊಡಲಿ. ಅರ್ಜಿ ಆನ್‌ಲೈನಿನಲ್ಲಿ ಸಲ್ಲಿಸಬಹುದು, ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, 2017ರ ನಿಯಮಗಳ ಪ್ರಕಾರ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ, ನೋಂದಣಿಯ ಅವಧಿ 10 ವರ್ಷ, ಮತ್ತೆ ನವೀಕರಿಸಬಹುದು, ಪ್ರಕಟಣೆಯಾದ 4 ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಮುದ್ರಿಸಿ ಕೊಡಿ. ಗುರುತು ಕನ್ನಡದಲ್ಲಿದ್ದರೆ ಅದರ ಲಿಪ್ಯಂತರವನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಅರ್ಜಿಯೊಂದಿಗೆ ಕೊಡಬೇಕೆಂಬುದನ್ನೂ ಸೇರಿಸಿ. ವಿದ್ಯಾರ್ಥಿಗಳು ಮಾಹಿತಿ ಮಾತ್ರ ಕೊಡಬೇಕು. ಅರ್ಜಿ ಹಾಕಿ, ಹಾಕಬೇಡಿ ಎಂಬ ಸಲಹೆಯನ್ನು ಪಕ್ಕದಲ್ಲಿ ಕೂತ ವಕೀಲರೇ ಹೇಳಬೇಕು. 145ನೇ ಕಲಂ ರಿಜಿಸ್ಟ್ರಾರರ ಮುಂದೆ ಇನ್ನೊಬ್ಬರ ಪರ ನಡೆದುಕೊಳ್ಳುವ ಅಧಿಕಾರವನ್ನು ವಕೀಲರಿಗೆ, ನೋಂದಾಯಿತ ಏಜೆಂಟರಿಗೆ ಮತ್ತು ಅರ್ಜಿದಾರರ ಕಾಯಂ ನೌಕರರಿಗೆ ಮಾತ್ರ ಕೊಟ್ಟಿದೆ.

ಎಲ್ಲವೂ 4:30ಕ್ಕೆ ಮುಗಿಯಬೇಕು. ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಕಡೆಯ ವಿದ್ಯಾರ್ಥಿನಿಯರು ಕತ್ತಲಾಗುವ ಮೊದಲು ಬಸ್ಸಿನಲ್ಲಿರಬೇಕೆಂಬುದು ಯಾವ ವಂದನಾರ್ಪಣೆಗಿಂತಲೂ ಮುಖ್ಯ.

ಎಂಟನೇ ಹಂತ: ಆಮೇಲಿನ ಆರು ವಾರ

ಮೊದಲ ವಾರದಲ್ಲಿ ಲೆಕ್ಕಪತ್ರ ಮತ್ತು ವೋಚರುಗಳನ್ನು ಮುಗಿಸಿ, ಅನುದಾನ ಪಡೆದಿದ್ದರೆ ಬಳಕೆ ಪ್ರಮಾಣಪತ್ರವನ್ನು ಸಲ್ಲಿಸಿ. ಹಾಜರಾತಿ ಪ್ರಮಾಣಪತ್ರ ಆ ದಿನವೇ ಎಲ್ಲರಿಗೂ ಸಿಗಲಿ, ಆದರೆ ಪ್ರಬಂಧಕ್ಕಾಗಿ ಕೊಡುವ ಪ್ರಮಾಣಪತ್ರವನ್ನು ತಿದ್ದಿದ ಕರಡು ಕೈಸೇರಿದ ಮೇಲೆ ಮಾತ್ರ ಕೊಡಬೇಕು. ಅದಕ್ಕೆ ನಾಲ್ಕು ವಾರ ಗಡುವು. ಕರಡಿನ ಜೊತೆ ಒಂದು ಪುಟದ ಪತ್ರ ಇರಬೇಕು, ಅದರಲ್ಲಿ ಗೋಷ್ಠಿಯಲ್ಲಿ ಬಂದ ಯಾವ ಆಕ್ಷೇಪವನ್ನು ಒಪ್ಪಿ ತಿದ್ದಲಾಗಿದೆ, ಯಾವುದನ್ನು ಯಾವ ಕಾರಣಕ್ಕೆ ಒಪ್ಪಿಲ್ಲ ಎಂಬುದನ್ನು ಬರೆದವರು ತಿಳಿಸಬೇಕು. ಆ ಪತ್ರವನ್ನೂ ಕರಡನ್ನೂ ಮುಖ್ಯ ಓದುಗರಿಗೆ ಇನ್ನೊಮ್ಮೆ ಕಳಿಸಿ, ಎರಡು ವಾರದೊಳಗೆ ಅವರ ಉತ್ತರ ಪಡೆದು, ಪ್ರಕಟಣೆಗೆ ಯೋಗ್ಯವಾದುದನ್ನು ಯಾವ ಕಾನೂನು ಪತ್ರಿಕೆಗೆ ಕಳಿಸಬೇಕೆಂಬುದನ್ನು ಇಬ್ಬರೂ ಕೂಡಿ ತೀರ್ಮಾನಿಸಲಿ. ವಿದ್ಯಾರ್ಥಿಯ ಬರಹಕ್ಕೆ ಮಾರ್ಗದರ್ಶನ ಮಾಡಿದ ಮಾತ್ರಕ್ಕೆ ಅಧ್ಯಾಪಕರ ಹೆಸರನ್ನು ಸಹಲೇಖಕರೆಂದು ಸೇರಿಸುವಂತಿಲ್ಲ ಎಂಬ ನಿಯಮವನ್ನು ಆಹ್ವಾನ ಪತ್ರದ ಜೊತೆಯಲ್ಲಿಯೇ ಲಿಖಿತವಾಗಿ ಕಳಿಸಿರಬೇಕು.